ಇಪ್ಪತ್ತನೆಯ ವರ್ಷಕ್ಕೆ ಮೂರು ಅಂಕ ಕಡಿಮೆ

ನಮ್ಮ ಯಜಮಾನರ ಸೈನ್ಯದ ಬಟ್ಟೆಯನ್ನು ನಾನು ಯಾವತ್ತೂ ಬಿಸಿಲಿಗೆ ಒಣಹಾಕಿದವಳಲ್ಲ. ಇಲ್ಲಿ ಅಮೆರಿಕದಲ್ಲಿ, ಕ್ಯಾಂಪ್‌ಬೆಲ್ ಅನ್ನುವ ಊರಿನ ಅಪಾರ್ಟ್‌ಮೆಂಟಿನಲ್ಲಿದ್ದಾಗ ಬಚ್ಚಲಿನ ಪರದೆಯ ಸರಳಿನ ಮೇಲೆ, ಸ್ವಂತ ಮನೆಗೆ ಬಂದ ಮೇಲೆ ಗರಾಜಿನೊಳಗೆ ಕಾರಿನ ಹಿಂದೆ ಕಟ್ಟಿದ ಹಗ್ಗದ ಮೇಲೆ. ಅಂಗಿ ಪ್ಯಾಂಟು ಎರಡೂ ದಪ್ಪ. ನೆರಳಿನಲ್ಲಿ ಒಣಗಲು ಮೂರು ದಿನ ಹಿಡಿಯುತ್ತಿತ್ತು. ಅವರು ಒಂದು ದಿನ ಕೇಳಿದರು: "ಹಿಂದ್ಗಡೆ ಅಷ್ಟು ಬಿಸ್ಲು ಬಿದ್ದದೆ, ಇಲ್ಯಾಕೆ ಹಾಕಿದ್ದೀಯೆ?" ನಾನು, "ಬಣ್ಣ ಹೋಗತ್ತೆ ರೀ" ಅಂದೆ. ಮಂಡ್ಯ ಕಡೆಯವರು ಒಳ್ಳೆಯವರು, ಹೇಳಿದ್ದನ್ನು ನಂಬುತ್ತಾರೆ. ಹೌದಾ ಅಂತ ತಲೆಯಾಡಿಸಿ ಒಳಗೆ ಹೋದರು.

ಅವರು ಪೂರ್ತಿ ಸೈನಿಕರೇನೂ ಅಲ್ಲ. ಮೀಸಲು ಪಡೆ ಅಂತ ಒಂದಿದೆ ಇಲ್ಲಿ. ವಾರವೆಲ್ಲ ನಿಮ್ಮ ನಿಮ್ಮ ಕೆಲಸ ಮಾಡಿಕೊಂಡಿರಬೇಕು, ತಿಂಗಳಿಗೊಂದು ಶನಿವಾರ ಭಾನುವಾರ ಡ್ರಿಲ್ಲಿಗೆ ಹೋಗಬೇಕು, ವರ್ಷಕ್ಕೊಮ್ಮೆ ಎರಡು ವಾರ ಎಲ್ಲಾದರೂ ಮರಳುಗಾಡಿನಲ್ಲಿ ತರಬೇತಿ. ನಮ್ಮವರು ಮಂಡ್ಯದಲ್ಲಿ ಡಿಪ್ಲೊಮಾ ಮುಗಿಸಿ, ಅಣ್ಣನ ಹಿಂದೆ ಈ ದೇಶಕ್ಕೆ ಬಂದು, ಗ್ರೀನ್ ಕಾರ್ಡು ಸಿಕ್ಕ ವರ್ಷವೇ ಸೇರಿಕೊಂಡಿದ್ದರು. ವಾರದ ದಿನಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಸ್ ಡಿಪೋದಲ್ಲಿ ಡೀಸೆಲ್ ಮೆಕ್ಯಾನಿಕ್ಕು, ತಿಂಗಳಿಗೆರಡು ದಿನ ಸೈನ್ಯದ ಲಾರಿಗಳಿಗೆ ಅದೇ ಕೆಲಸ. ನಾನು ಮದುವೆಯಾಗಿ ಬಂದಾಗಲೇ ಅವರು ಸಾರ್ಜೆಂಟ್ ಆಗಿದ್ದರು.

ಇಪ್ಪತ್ತು ಒಳ್ಳೆಯ ವರ್ಷ ಆದರೆ ಪೆನ್ಷನ್ನು. ಅರವತ್ತು ತುಂಬಿದ ಮೇಲೆ ಬರುತ್ತದೆ, ಆದರೆ ಇಪ್ಪತ್ತು ಮುಗಿದ ಕೂಡಲೇ ಒಂದು ಕಾಗದ ಕೊಡುತ್ತಾರೆ, ಇನ್ನು ಇದನ್ನು ಯಾರೂ ಕಿತ್ತುಕೊಳ್ಳಲಾಗದು ಅಂತ. ಒಳ್ಳೆಯ ವರ್ಷ ಅಂದರೆ ಸುಮ್ಮನೆ ಪಟ್ಟಿಯಲ್ಲಿ ಹೆಸರಿದ್ದ ವರ್ಷವಲ್ಲ. ಆ ವರ್ಷ ಐವತ್ತು ಅಂಕ ಸಂಪಾದಿಸಿರಬೇಕು. ಸೇರಿಕೊಂಡಿದ್ದಕ್ಕೆ ಹದಿನೈದು, ಒಂದು ವಾರಾಂತ್ಯದ ಡ್ರಿಲ್ಲಿಗೆ ನಾಲ್ಕು, ಬೇಸಿಗೆಯ ತರಬೇತಿಗೆ ದಿನಕ್ಕೊಂದು. ನಲವತ್ತೊಂಬತ್ತು ಬಂದರೆ ಆ ವರ್ಷ ಲೆಕ್ಕಕ್ಕೇ ಇಲ್ಲ. ಇದನ್ನೆಲ್ಲ ಅವರು ನನಗೆ ಊಟಕ್ಕೆ ಕೂತಾಗ ಎಷ್ಟು ಸಲ ಹೇಳಿದ್ದರೋ. ನಾನು ಹುಳಿ ಬಡಿಸುತ್ತಾ ಹೂಂ ಹೂಂ ಅನ್ನುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಆ ಕಾಲ ಎಂಥದ್ದು ಅಂತ ಇಲ್ಲಿದ್ದವರಿಗೆ ಗೊತ್ತು. ಯಾರ ಮನೆಗೆ ಹೋದರೂ ಸ್ಟಾರ್ಟಪ್ಪಿನ ಮಾತು, ಕಂಪನಿ ಕೊಡುವ ಷೇರು ಆಪ್ಷನ್ನಿನ ಮಾತು. ಅರಿಶಿನ ಕುಂಕುಮಕ್ಕೆ ಕರೆದರೆ ಹೆಂಗಸರು ಎಲೆ ಅಡಿಕೆ ಹಿಡಿದುಕೊಂಡೇ ಯಾವ ಕಂಪನಿ ಯಾವಾಗ ಷೇರು ಮಾರುಕಟ್ಟೆಗೆ ಇಳಿಯುತ್ತದೆ ಅಂತ ಮಾತಾಡೋರು. ಅಂಥ ಕಡೆ, "ನಿಮ್ಮ ಯಜಮಾನ್ರು ಯಾವ ಕಂಪನೀಲಿ?" ಅಂತ ಕೇಳಿದರೆ ನಾನು, "ಟ್ರಾನ್ಸ್‌ಪೋರ್ಟೇಶನ್ ಸಿಸ್ಟಮ್ಸ್‌ನಲ್ಲಿ" ಅಂತ ಹೇಳಿಬಿಟ್ಟಿದ್ದೆ. ಬಸ್ಸು ಟ್ರಾನ್ಸ್‌ಪೋರ್ಟೇಶನ್ನೇ ತಾನೇ. ಡ್ರಿಲ್ಲಿನ ವಾರಾಂತ್ಯದಲ್ಲಿ ಅವರೆಲ್ಲಿ ಅಂದರೆ "ಕ್ಲೈಂಟ್ ಸೈಟಿಗೆ ಹೋಗಿದಾರೆ". ನಮ್ಮ ಜನಕ್ಕೆ ಆಗ ಮಿಲಿಟರಿ ಅಂದರೆ ಓದು ಹತ್ತದವರು ಸೇರೋದು ಅನ್ನುವ ಭಾವನೆ. ಅವರಿಗೆ ಮಾತ್ರವಲ್ಲ, ಒಪ್ಪಿಕೊಳ್ಳಬೇಕು, ನನಗೂ ಒಳಗೊಳಗೆ ಅದೇ ಇತ್ತು.

ಇನ್ನೊಂದು ಹೇಳದೆ ಇದ್ದರೆ ತಪ್ಪಾಗುತ್ತದೆ. ನಾವು ಕ್ಯಾಂಪ್‌ಬೆಲ್ಲಿನಲ್ಲೇ ಒಂದು ಸಣ್ಣ ಟೌನ್‌ಹೌಸ್ ಕೊಂಡೆವಲ್ಲ, ಅದಕ್ಕೆ ಸಾಲ ಸಿಕ್ಕಿದ್ದು ಸೈನ್ಯದಲ್ಲಿ ಸೇವೆ ಮಾಡಿದವರಿಗೆ ಇರುವ ಸವಲತ್ತಿನಲ್ಲಿ. ಗರಾಜಿನಲ್ಲಿ ಬಚ್ಚಿಟ್ಟು ಒಣಗಿಸುತ್ತಿದ್ದ ಆ ಬಟ್ಟೆಯಿಂದಲೇ ಆ ಗರಾಜು ನಮ್ಮದಾಗಿದ್ದು. ಇದು ನನಗೆ ಆಗಲೂ ಗೊತ್ತಿತ್ತು.

ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆ ಅಂತ ಹೆದರಿಸಿ, ಏನೂ ಆಗದೆ, ಎರಡು ಸಾವಿರದ ಇಸವಿ ಬಂತು. ಆಗ ನಮ್ಮವರ ಇಪ್ಪತ್ತನೆಯ ವರ್ಷ ನಡೆಯುತ್ತಿತ್ತು. ಆದರೆ ಅದರ ಹಿಂದಿನ ಬೇಸಿಗೆಯಲ್ಲಿ ಅವರ ಮಂಡಿ ಆಪರೇಷನ್ ಆಗಿ ಎರಡು ವಾರದ ತರಬೇತಿ ತಪ್ಪಿತ್ತು, ಮೂರು ವಾರಾಂತ್ಯಗಳೂ ತಪ್ಪಿದ್ದವು. ಗೋಡೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲಿ ಹಸಿರು ಪೆನ್ನಿನಿಂದ ಡ್ರಿಲ್ಲಿನ ದಿನಗಳಿಗೆ ಸುತ್ತು ಹಾಕಿ ಎಣಿಸುತ್ತಿದ್ದರು. "ಫೆಬ್ರವರೀದು ಒಂದು ಆಗ್ಬುಟ್ರೆ ಐವತ್ತೊಂದು ಕಣೆ. ಬಚಾವು. ಈ ಮಂಡಿ ಇಟ್ಕೊಂಡು ಇನ್ನೊಂದು ವರ್ಸ ನಂಗಾಗಕ್ಕಿಲ್ಲ."

ಆ ಹೊತ್ತಿಗೆ ಹೊಸ ಮನೆಯ ಕೀಲಿ ಕೈಗೆ ಬಂದಿತ್ತು, ಗೃಹಪ್ರವೇಶಕ್ಕೆ ನಾನು ಪುರೋಹಿತರನ್ನು ಕೇಳಿದೆ. ಅವರು ವಾರದಲ್ಲಿ ಇಂಜಿನಿಯರು, ಶನಿವಾರ ಭಾನುವಾರ ಮಾತ್ರ ಪುರೋಹಿತರು. ಎರಡು ಮುಹೂರ್ತ ಕೊಟ್ಟರು. ಒಂದು ಮಾಘದಲ್ಲಿ, ಫೆಬ್ರವರಿಯ ಡ್ರಿಲ್ಲಿನ ಶನಿವಾರವೇ, ಇನ್ನೊಂದು ಫಾಲ್ಗುಣದಲ್ಲಿ. ಫಾಲ್ಗುಣಕ್ಕಾದರೆ ಫಾಸ್ಟರ್ ಸಿಟಿಯವರು ಊರಲ್ಲಿರುವುದಿಲ್ಲ. ಫಾಸ್ಟರ್ ಸಿಟಿಯವರು ಅಂದರೆ ಆ ಊರಿನಲ್ಲಿ ಹಿನ್ನೀರಿನ ದಂಡೆಯ ಮೇಲೆ ದೊಡ್ಡ ಮನೆ ಇದ್ದ ಒಬ್ಬ ಹೆಂಗಸು. ನಮ್ಮ ಗುಂಪಿನಲ್ಲಿ ಅವರು ಬಂದರೆ ಕಾರ್ಯ ಕಳೆಕಟ್ಟಿತು ಅಂತ ಅರ್ಥ. ನಾನು ಮನೆಯಲ್ಲಿ ಒಂದೇ ಮುಹೂರ್ತದ ವಿಷಯ ಹೇಳಿದೆ.

ದಂಪತಿ ಕೂರದೆ ಗೃಹಪ್ರವೇಶ ಆಗುವುದಿಲ್ಲವಲ್ಲ. ಅವರು ಬಹಳ ಹೊತ್ತು ಕ್ಯಾಲೆಂಡರಿನ ಮುಂದೆ ನಿಂತರು. ಆಮೇಲೆ, "ಆಫೀಸಮ್ಮನ್ನ ಕೇಳ್ತೀನಿ. ಬದ್ಲಿಗೆ ಬ್ಯಾರೆ ಎರಡು ದಿನ ಹಾಕ್ಕೊಡ್ತಾಳೆ" ಅಂದರು. ಅವರ ತುಕಡಿಯ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಫಿಲಿಪಿನೋ ಹೆಂಗಸು ಆಕೆ. ಇವರ ಬಾಯಲ್ಲಿ ಆಕೆ ಯಾವಾಗಲೂ ಆಫೀಸಮ್ಮ. ತಪ್ಪಿದ ಡ್ರಿಲ್ಲನ್ನು ಬೇರೆ ದಿನ ಮಾಡಿಕೊಡಲು ಅವಕಾಶವಿತ್ತು, ಆಕೆ ಒಪ್ಪಿ ಜೊತೆಗಿದ್ದು ಸಹಿ ಹಾಕಬೇಕಷ್ಟೆ. ನೋಡಿ ತಿಳಿಸುತ್ತೇನೆ ಅಂದಳಂತೆ.

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಬೆಳ್ಳಿಯ ಪುಟ್ಟ ಹಸುವನ್ನು ತಟ್ಟೆಯಲ್ಲಿಟ್ಟು ಮನೆಯೊಳಗೆ ಕರೆದುಕೊಂಡೆವು. ಅವರು ರೇಷ್ಮೆ ಪಂಚೆ ಉಟ್ಟು, ಮಡಚಲಾಗದ ಮಂಡಿಯನ್ನು ಪಕ್ಕಕ್ಕೆ ಚಾಚಿಕೊಂಡು ಎರಡು ಗಂಟೆ ಮಣೆಯ ಮೇಲೆ ಕೂತರು. ನನ್ನ ಮುಖ ಬೆಳಗುತ್ತಿತ್ತು ಅಂತ ಎಲ್ಲರೂ ಅಂದರು.

ಅಂದು ಬಂದಿದ್ದ ಫಾಸ್ಟರ್ ಸಿಟಿಯವರು ಗಡಿಬಿಡಿಯಲ್ಲಿ ಮನೆ ಸರಿಯಾಗಿ ನೋಡಲಿಲ್ಲ ಅಂತ ಮುಂದಿನ ಬುಧವಾರ ಮತ್ತೆ ಬಂದರು, ಜೊತೆಗೆ ಇನ್ನಿಬ್ಬರು. ನಾನು ಕೇಸರಿಭಾತು ಮಾಡಿದ್ದೆ. ಕೂತು ತಿನ್ನುತ್ತಿದ್ದರು.

"ಕೌಂಟರ್ ಟಾಪು ಗ್ರಾನೈಟಾ? ಸೋ ನೈಸ್ ರೀ. ಸ್ವಲ್ಪ ಚಿಕ್ಕದಾಯ್ತು ಕಿಚನ್ನು, ಆದ್ರೆ ಇಬ್ರಿಗೆ ಸಾಕು ಬಿಡಿ."

"ಮೆಂಟೇನ್ ಮಾಡೋದೂ ಈಸಿ," ಅಂದರು ಇನ್ನೊಬ್ಬರು.

"ಯಜಮಾನ್ರು ಇವತ್ತೂ ಕ್ಲೈಂಟ್ ಸೈಟಾ? ಏನ್ರೀ ಇದು, ನಮ್ಮನೆಯವ್ರಿಗಿಂತ ಬಿಜಿ ಆಗ್ಬಿಟ್ರಲ್ಲ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕೈಯಲ್ಲಿ ತುಪ್ಪದ ಸೌಟಿತ್ತು, ಹೋಗಿ ಎತ್ತುವಷ್ಟರಲ್ಲಿ ಆನ್ಸರಿಂಗ್ ಮೆಷೀನು ತಾನೇ ಎತ್ತಿಕೊಂಡಿತು. ಆಫೀಸಮ್ಮನ ಧ್ವನಿ ಹೊಸ ಮನೆಯ ಖಾಲಿ ಗೋಡೆಗಳಿಗೆ ಬಡಿದು ಮೊಳಗಿತು. ಸಾರ್ಜೆಂಟ್, ನಿಮ್ಮ ಬಾಕಿ ಡ್ರಿಲ್ಲಿಗೆ ಈ ಶನಿವಾರ ಭಾನುವಾರ ಹಾಕಿದ್ದೇನೆ, ನಾನೇ ಬಂದು ಬಾಗಿಲು ತೆಗೆಯುತ್ತೇನೆ, ಬೆಳಿಗ್ಗೆ ಏಳಕ್ಕೆ ಬನ್ನಿ, ಬೂಟು ಹಾಕಿಕೊಂಡೇ ಬನ್ನಿ, ಎರಡೂವರೆ ಟನ್ನಿನ ಲಾರಿಯ ಬ್ರೇಕು ನಿಮಗೋಸ್ಕರ ಹಾಗೇ ಬಿಟ್ಟಿದ್ದೇನೆ. ಕೊನೆಗೆ ನಕ್ಕು, ತಡ ಮಾಡಬೇಡಿ, ಇದು ಬಿಟ್ಟರೆ ಬೇರೆ ದಿನ ಇಲ್ಲ, ಅಂದಳು.

ಮೂರು ಚಮಚ ತಟ್ಟೆಯ ಮೇಲೆ ನಿಂತವು.

"ಯಾರ್ರೀ ಅದು, ಸಾರ್ಜೆಂಟು?" ಅಂದರು ಫಾಸ್ಟರ್ ಸಿಟಿಯವರು.

"ರಾಂಗ್ ನಂಬರು," ಅಂದೆ. "ಈ ನಂಬರು ಮುಂಚೆ ಯಾರದ್ದೋ ಇತ್ತಂತೆ, ಒಂದೇ ಸಮ ಬರ್ತಿರತ್ತೆ." ಹೇಳುತ್ತಾ ಹೇಳುತ್ತಾ, ಸೌಟನ್ನು ಎಡಗೈಗೆ ವರ್ಗಾಯಿಸಿ, ಅವರ ಕಣ್ಣೆದುರೇ ಅಳಿಸುವ ಗುಂಡಿ ಒತ್ತಿದೆ. "ಇನ್ನೊಂಚೂರು ಹಾಕ್ಲಾ?"

ಅವರು ನನ್ನನ್ನು ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಸರಿಭಾತು ಮಾತ್ರ ಇನ್ನೊಂದು ಸಲ ಹಾಕಿಸಿಕೊಂಡರು.

ಈಗ ನೀವು ಕೇಳಬಹುದು, ಅವರು ಹೋದ ಮೇಲೆ ಯಜಮಾನರಿಗೆ ಹೇಳಬಹುದಿತ್ತಲ್ಲ ಅಂತ. ಹೇಳಬಹುದಿತ್ತು. ಹೇಳೋಣ ಅಂತಲೇ ಇದ್ದೆ. ಆದರೆ ಹೇಳಿದರೆ ಅಳಿಸಿದ್ದನ್ನೂ ಹೇಳಬೇಕು, ಯಾಕೆ ಅಳಿಸಿದೆ ಅಂತ ಹೇಳಬೇಕು. ಅದಕ್ಕಿಂತ ಸುಲಭವಾದ ಒಂದು ದಾರಿ ನನ್ನ ತಲೆಯಲ್ಲಿ ಮೊದಲೇ ಸಿದ್ಧವಾಗಿ ಕೂತಿತ್ತು: ಹೇಗೂ ಮಾರ್ಚ್ ಇದೆಯಲ್ಲ.

ನನ್ನ ತಂದೆ ಹಾಸನ ಜಿಲ್ಲೆಯಲ್ಲಿ ತಾಲ್ಲೂಕು ಕಚೇರಿಯ ಶಿರಸ್ತೇದಾರರು. ನಾನು ಮಾತು ಕಲಿತಿದ್ದೆಲ್ಲ ಅವರ ಮತ್ತು ಅಜ್ಜಿಯ ಬಾಯಿಂದ. ಲೋಕಜ್ಞಾನವನ್ನೂ ಅಲ್ಲಿಂದಲೇ ಕಲಿತೆ. ನಮ್ಮ ಮನೆಯಲ್ಲಿ ವರ್ಷ ಅಂದರೆ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುವಂಥದ್ದು. ಆ ತಿಂಗಳಿಡೀ ಅಪ್ಪ ಕೆಂಪು ದಾರ ಕಟ್ಟಿದ ಫೈಲು ಮನೆಗೆ ತರೋರು, ನಾವು ಮಕ್ಕಳು ಸದ್ದು ಮಾಡುವ ಹಾಗಿರಲಿಲ್ಲ. ಸರ್ಕಾರ ಅಂತ ಒಂದಿದ್ದರೆ ಅದರ ವರ್ಷ ಮಾರ್ಚಿಗೇ ಮುಗಿಯುತ್ತದೆ, ಅಮೆರಿಕದ್ದಾದರೇನು, ಸೈನ್ಯದ್ದಾದರೇನು. ಇದನ್ನು ನಾನು ಯಾರನ್ನೂ ಕೇಳಿ ಖಚಿತ ಮಾಡಿಕೊಂಡಿರಲಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನಾ ಅಂತ ಯಾರಾದರೂ ಕೇಳುತ್ತಾರೆಯೇ? ಫೆಬ್ರವರಿಯಲ್ಲಿ ತಪ್ಪಿದರೆ ಮಾರ್ಚಿನ ಡ್ರಿಲ್ಲಿನಲ್ಲಿ ನಾಲ್ಕು ಅಂಕ ಬರುತ್ತದೆ, ಸರಿಹೋಗುತ್ತದೆ. ಮಂಡಿಗೂ ಅಷ್ಟು ವಿಶ್ರಾಂತಿ. ಹೀಗೆ ನನಗೆ ನಾನೇ ನ್ಯಾಯ ಹೇಳಿಕೊಂಡೆ.

ಅವರು ಗುರುವಾರ ಡಿಪೋದಿಂದ ಬಂದು ಶೂ ಬಿಚ್ಚುತ್ತಾ ಕೇಳಿದರು, "ಆಫೀಸಮ್ಮನ ಫೋನು ಬಂತಾ?"

"ಇಲ್ಲ ರೀ."

ಶುಕ್ರವಾರ ಮತ್ತೆ ಕೇಳಿದರು. ಅವರೇ ಅವಳ ಆಫೀಸಿಗೆ ಫೋನು ಮಾಡಿದರು, ಅಲ್ಲಿಯೂ ಮೆಷೀನು. "ನಾನು, ಏನಾಯ್ತು ಅಂತ ತಿಳಿಸಿ" ಅಂತ ಹೇಳಿ ಇಟ್ಟರು. ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಅವರು ಹಿತ್ತಿಲ ಬೇಲಿಗೆ ಮೊಳೆ ಹೊಡೆಯುತ್ತಿದ್ದರು. ನಾನು ಒಳಗೆ ಒಗ್ಗರಣೆ ಹಾಕುತ್ತಾ ಗಡಿಯಾರ ನೋಡಿದೆ. ಆ ಹೊತ್ತಿಗೆ ಆಕೆ ಬಾಗಿಲು ತೆಗೆದು ಕಾಯುತ್ತಿರುತ್ತಾಳೆ ಅನ್ನುವುದು ನನ್ನ ಮನಸ್ಸಿಗೆ ಬಂತು. ಬಂದರೂ ಒಗ್ಗರಣೆಯನ್ನು ಚಟ್ನಿಗೆ ಹಾಕಿ, "ಬನ್ನಿ ರೀ, ದೋಸೆ ಆರತ್ತೆ" ಅಂತ ಕರೆದೆ.

ಸೋಮವಾರ ಅವರು ಕ್ಯಾಲೆಂಡರಿನ ಮುಂದೆ ನಿಂತು ಹಸಿರು ಸುತ್ತುಗಳನ್ನು ಮತ್ತೆ ಎಣಿಸಿದರು. ನಾನು ಸಮಾಧಾನ ಹೇಳಲು ಹೋದೆ. "ಮಾರ್ಚಲ್ಲಿ ಇನ್ನೊಂದಿದೆಯಲ್ಲ ರೀ, ಅದರಲ್ಲಿ ಬರತ್ತೆ ಬಿಡಿ."

ಅವರು ತಿರುಗಿ ನನ್ನನ್ನು ನೋಡಿದ್ದು ಬೈಯುವ ಹಾಗಲ್ಲ. ಚಿಕ್ಕ ಮಗುವಿಗೆ ಹೇಳುವ ಹಾಗೆ ಹೇಳಿದರು: "ನನ್ ವರ್ಸ ನಾನ್ ಸೇರಿದ್ ದಿನದಿಂದ ಲೆಕ್ಕ ಕಣೆ. ಫೆಬ್ರವರಿ ಕಡೇಗೆ ಮುಗೀತದೆ. ಮದ್ವೆ ಆದಾಗ್ನಿಂದ ಹೇಳ್ತಾ ಇವ್ನಲ್ಲ. ನಾಳೆಗೆ ಮುಗೀತು. ನಲವತ್ತೇಳು."

 ಆಗಲಾದರೂ ಹೇಳಬೇಕಿತ್ತು. ನಾನು ಅಡಿಗೆಮನೆಗೆ ಹೋಗಿ ಮಜ್ಜಿಗೆ ಕಡೆದೆ.

ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ ಆಫೀಸಮ್ಮ ನಮ್ಮ ಮನೆಗೇ ಬಂದಳು. ಸಾದಾ ಬಟ್ಟೆಯಲ್ಲಿದ್ದಳು, ಕೈಯಲ್ಲಿ ಒಂದು ಹೂವಿನ ಕುಂಡ, ಹೊಸ ಮನೆಗೆ ಅಂತ. ನಾನು ಆಕೆಯನ್ನು ನೋಡಿದ್ದು ಅದೇ ಮೊದಲು. ನನ್ನದೇ ವಯಸ್ಸು, ನನಗಿಂತ ಕುಳ್ಳು. ಕೂತ ಕೂಡಲೇ ಶುರು ಮಾಡಿದಳು. "ಸಾರ್ಜೆಂಟ್, ಕ್ಷಮಿಸಿ. ನಾನು ನಿಮ್ಮ ಮನೆಗೆ ಮೆಸೇಜು ಬಿಟ್ಟೆ. ನೀವು ಬರಲಿಲ್ಲ. ಮಂಡಿ ಸರಿಯಿಲ್ಲವೇನೋ ಅಂದುಕೊಂಡೆ. ಆ ಶನಿವಾರ ಲಾರಿಗಳ ಹತ್ತಿರವೇ ಕಾದೆ, ಆಫೀಸಿನ ಮೆಷೀನು ನೋಡಲಿಲ್ಲ. ಸೋಮವಾರದಿಂದ ರಜೆಯಲ್ಲಿದ್ದೆ, ವಾಪಸು ಬಂದು ನಿಮ್ಮ ಮೆಸೇಜು ಕೇಳಿದ ಮೇಲೆ ಗೊತ್ತಾಯಿತು, ನಿಮಗೆ ತಲುಪಿಯೇ ಇಲ್ಲ ಅಂತ. ನಾನು ಡಿಪೋಗೂ ಒಂದು ಫೋನು ಮಾಡಬೇಕಿತ್ತು."

"ಮೆಸೇಜಾ?" ಅಂದರು ನಮ್ಮವರು. ನನ್ನ ಕಡೆ ನೋಡಿದರು.

"ಆ ಮೆಷೀನು ಆಗಾಗ ಕೈ ಕೊಡತ್ತೆ," ಅಂದೆ ನಾನು. ಕಾಫಿ ಬಗ್ಗಿಸುತ್ತಿದ್ದೆ. ಒಂದು ಹನಿಯೂ ಚೆಲ್ಲಲಿಲ್ಲ. 

ಆಕೆ ಉಪ್ಪಿಟ್ಟು ತಿಂದಳು, ಚೆನ್ನಾಗಿದೆ ಅಂದಳು, ಇದರಲ್ಲಿರುವ ಎಲೆ ಯಾವುದು ಅಂತ ಕೇಳಿದಳು. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದಳು. ಮೇಲಿನವರಿಗೆ ಬರೆದ ಪತ್ರ. ಸಾರ್ಜೆಂಟಿಗೆ ಸರಿಯಾಗಿ ತಿಳಿಸದೆ ಇದ್ದದ್ದು ತನ್ನ ಕರ್ತವ್ಯಲೋಪ, ಅದರಿಂದ ಅವರ ವರ್ಷ ಹೋಗಬಾರದು, ದಯವಿಟ್ಟು ಪರಿಶೀಲಿಸಬೇಕು ಅಂತ ಬರೆದಿದ್ದಳು. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ, ಆದರೆ ಪ್ರಯತ್ನ ಮಾಡಬೇಕು ಅಂದಳು. ನಮ್ಮವರು ಓದಿ ತಲೆ ಅಲ್ಲಾಡಿಸಿದರು. "ಇದು ನಿಮ್ಮ ದಾಖಲೆಗೆ ಸೇರುತ್ತದೆ. ನಿಮಗೆ ಬಡ್ತಿ ಬರುವುದಿದೆ." ಆಕೆ ಹೆಗಲು ಕುಣಿಸಿದಳು. "ತಪ್ಪು ನನ್ನದು ತಾನೇ."

ಇಷ್ಟಾದರೂ ನಾನು ಬಾಯಿ ಬಿಡಲಿಲ್ಲ. ಆಕೆ ಎದ್ದಳು, ಬಾಗಿಲಲ್ಲಿ ನನ್ನ ಕೈ ಹಿಡಿದು ಮತ್ತೊಮ್ಮೆ ಕ್ಷಮೆ ಕೇಳಿದಳು, ನಾನು "ಪರವಾಗಿಲ್ಲ" ಅಂದೆ. ಪರವಾಗಿಲ್ಲ! ಅವಳ ತಪ್ಪನ್ನು ನಾನು ಮನ್ನಿಸಿ ಕಳಿಸಿದೆ.

ಆಕೆ ಕಾರಿನ ಹತ್ತಿರ ಹೋಗಿ ಕೀಲಿ ಹುಡುಕುತ್ತಿದ್ದಾಗ ನನಗೇನಾಯಿತೋ, ಬರಿಗಾಲಲ್ಲೇ ಹೋದೆ. ನನ್ನ ಇಂಗ್ಲಿಷು ಅಂಥಾದ್ದೇನಲ್ಲ. ಹೆದರಿದಾಗ ಇನ್ನೂ ಕೆಡುತ್ತದೆ. ಮೆಸೇಜು ಬಂದಿತ್ತು, ನಾನು ಕೇಳಿಸಿಕೊಂಡೆ, ನಾನೇ ಅಳಿಸಿದೆ, ಆ ಪತ್ರ ಕಳಿಸಬೇಡಿ ಅಂದೆ. ಯಾಕೆ ಅಂತ ಆಕೆ ಕೇಳಿದಳು. ಮನೆಯಲ್ಲಿ ನೆಂಟರಿದ್ದರು ಅಂದೆ. ಅದು ಆಕೆಗೆ ಅರ್ಥವಾಗಲಿಲ್ಲ. ನೆಂಟರಿದ್ದರೆ ಯಾಕೆ ಅಳಿಸಬೇಕು? ನನ್ನ ಗಂಡ ಸೈನ್ಯದಲ್ಲಿ ಇದ್ದಾರೆ ಅಂತ ಅವರಿಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ ಅಂದೆ. ಆಕೆ ಕೈಯಲ್ಲಿದ್ದ ಆ ಪತ್ರವನ್ನು ಎರಡು ಸಲ ಮಡಚಿ ಚೀಲಕ್ಕೆ ಹಾಕಿಕೊಂಡು, ನನ್ನ ಹಿಂದೆ ನೋಡಿದಳು. ತಿರುಗಿದರೆ ನಮ್ಮವರು ಬಾಗಿಲಲ್ಲಿ ನಿಂತಿದ್ದರು.

ಒಳಗೆ ಬಂದ ಮೇಲೆ ಸೋಫಾದ ಅಂಚಿನಲ್ಲಿ ಕೂತು ಕೇಳಿದರು.

"ಯಾರ್ ಯಾರಿದ್ರು ಆವತ್ತು?"

"ಫಾಸ್ಟರ್ ಸಿಟಿಯವ್ರು. ಅವರ ಜೊತೆ ಇಬ್ಬರು."

"ಅವ್ರಿಗೆ ಏನಂತ ಹೇಳ್ದೆ?"

"ರಾಂಗ್ ನಂಬರು ಅಂತ."

"ಅವ್ಳು ಸಾರ್ಜೆಂಟ್ ಅಂತ ಕರ್ದಿದ್ದು ನನ್ನೇ ಅಲ್ವಾ?"

"ಹೂಂ."

"ಇಷ್ಟು ವರ್ಸ ಎಲ್ಲಿ ಹೋಯ್ತಾ ಇದ್ದೆ ಅಂದ್ಕಂಡವ್ರೆ ಅವ್ರೆಲ್ಲ?"

ನಾನು ಹೇಳಿದೆ. ಕ್ಲೈಂಟ್ ಸೈಟು ಅನ್ನುವ ಮಾತು ಕೇಳಿ ಅವರಿಗೆ ನಗು ಬಂತು. ನಗುತ್ತಲೇ ಎದ್ದು ಗರಾಜಿಗೆ ಹೋದರು. ಅಲ್ಲಿ ಅವರ ಅಂಗಿ ಹಗ್ಗದ ಮೇಲಿತ್ತು. ಎಷ್ಟೋ ಹೊತ್ತು ಒಳಗೆ ಬರಲಿಲ್ಲ. ಕೈತಪ್ಪಿ ಹೋದ ಆ ವರ್ಷದ ಬಗ್ಗೆ ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ. ಒಂದೆರಡು ವಾರ ಹಾಲು, ತರಕಾರಿ, ಕರೆಂಟು ಬಿಲ್ಲು, ಇಷ್ಟೇ ನಮ್ಮ ಮಾತು.

ಇನ್ನೊಂದು ವರ್ಷ ಮಾಡಲೇಬೇಕಾಯಿತು. ಅಷ್ಟರಲ್ಲಿ ಇಲ್ಲಿನ ತುಕಡಿಯನ್ನು ಮುಚ್ಚಿದರು. ಸ್ಯಾಕ್ರಮೆಂಟೋದ ಆಚೆ ಒಂದು ಕಡೆ ಜಾಗ ಸಿಕ್ಕಿತು. ಆ ಮಂಡಿಯಲ್ಲಿ ಅವರಿಗೆ ಮೂರು ಗಂಟೆ ಕಾರು ಓಡಿಸಲು ಆಗದು. ನಾನು ಓಡಿಸಿದೆ. ಫ್ರೀವೇಗೆ ಹೆದರುವ ನಾನು ಹನ್ನೆರಡು ಸಲ ಹೋಗಿ ಬಂದೆ. ಇದನ್ನು ಹೇಳಿದರೆ ಪ್ರಾಯಶ್ಚಿತ್ತ ಅಂತೀರಿ. ಅಲ್ಲ. ಅವರು ಇಳಿಯುವಾಗ ಬಾಗಿಲು ಹಿಡಿದುಕೊಂಡು, ಮೊದಲು ಒಂದು ಕಾಲು, ಆಮೇಲೆ ಕೈಯಿಂದ ಎತ್ತಿ ಇನ್ನೊಂದು ಕಾಲು ಹೊರಗಿಡುವುದನ್ನು ನಾನು ಪ್ರತಿ ಸಲ ನೋಡಬೇಕಿತ್ತು, ಅಷ್ಟೇ.

ವರ್ಷ ಮುಗಿದು ಕಾಗದ ಬಂತು. ಒಂದು ಭಾನುವಾರ ಮಧ್ಯಾಹ್ನ ಲಾರಿ ನಿಲ್ಲಿಸುವ ಶೆಡ್ಡಿನಲ್ಲೇ ಮಡಚುವ ಕುರ್ಚಿ ಹಾಕಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ನಮ್ಮವರು ಆಫೀಸಮ್ಮನನ್ನೂ ಕರೆದಿದ್ದರು. ಆಕೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅಲ್ಲಿನ ಮೇಜರ್ ನಮ್ಮವರಿಗೆ ಪದಕ ಚುಚ್ಚಿದ ಮೇಲೆ ನನ್ನನ್ನೂ ಮುಂದೆ ಬರಲು ಹೇಳಿದರು. ಹೆಂಡತಿಯರಿಗೂ ಒಂದು ಪ್ರಶಸ್ತಿಪತ್ರ ಕೊಡುವ ಪದ್ಧತಿಯಂತೆ, ನನಗೆ ಗೊತ್ತೇ ಇರಲಿಲ್ಲ. ಒಂದು ಗುಲಾಬಿ ಗೊಂಚಲು ಕೈಗಿಟ್ಟು ಗಟ್ಟಿಯಾಗಿ ಓದಿದರು. ಇಪ್ಪತ್ತು ವರ್ಷ ಪತಿಯ ಸೇವೆಗೆ ಅಚಲವಾಗಿ ಬೆಂಬಲ ನೀಡಿದ್ದಕ್ಕೆ, ಮನೆಯವರ ತ್ಯಾಗಕ್ಕೆ, ದೇಶದ ಕೃತಜ್ಞತೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಆಕೆಯೂ ಎದ್ದಳು.

"ಎರಡು ಮಾತು ಹೇಳಿ ಮೇಡಂ," ಅಂದರು ಮೇಜರ್.

ಎಲ್ಲಿ ಹೋದರೂ ಮಾತಿಗೆ ಕಡಿಮೆಯಿಲ್ಲದವಳು ನಾನು. ಇಪ್ಪತ್ತಲ್ಲ, ಇಪ್ಪತ್ತೊಂದು, ಆ ಒಂದು ನನ್ನಿಂದ ಹೋಯಿತು ಅಂತ ಹೇಳಲು ಬಾಯಿ ತೆರೆದೆ. ಪಕ್ಕದಲ್ಲಿದ್ದ ನಮ್ಮವರು ನೇರ ಮುಂದೆ ನೋಡಿಕೊಂಡೇ, ತುಟಿ ಅಲ್ಲಾಡಿಸದೆ, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಅಂದರು:

"ಸುಮ್ಕಿರು. ಅದು ಮನೆ ಮಾತು."

ನಾನು ಥ್ಯಾಂಕ್ ಯೂ ಅಂದೆ. ಅಷ್ಟಕ್ಕೂ ಮತ್ತೆ ಚಪ್ಪಾಳೆ ತಟ್ಟಿದರು.